ಈಜುಕೊಳಕ್ಕೆ ಯುವಿ ದೀಪ: ನಮ್ಮ ಗಡಸು ನೀರಿಗೆ ಕೂಡಿಸುವುದು ಹೇಗೆ?

ಕಲಬುರಗಿಯಲ್ಲಿ ಏಪ್ರಿಲ್ ಬಂತಂದ್ರೆ ಮಕ್ಕಳು ನೀರು ಬಿಟ್ಟು ಮೇಲೆ ಬರುವುದಿಲ್ಲ. ಸೇಡಂ ರಸ್ತೆ ಕಡೆ ನಮ್ಮ ಅಣ್ಣನ ಹೊಲದಲ್ಲಿ ಒಂದು ಸಣ್ಣ ಈಜುಕೊಳ ಇದೆ. ರಜೆಯಲ್ಲಿ ಓಣಿಯ ಮಕ್ಕಳೆಲ್ಲ ಅಲ್ಲೇ. ಒಂದು ಮಧ್ಯಾಹ್ನ ಸಣ್ಣ ಹುಡುಗಿಯೊಬ್ಬಳು ಕಣ್ಣುಜ್ಜಿಕೊಳ್ಳುತ್ತ ಬಂದು "ಕಾಕಾ, ಕಣ್ಣು ಭಾಳ ಉರೀಲಿಕ್ಕತ್ತಾವ" ಅಂದಳು. ನೀರಿನಿಂದ ಘಾಟು ವಾಸನೆ ಬರುತ್ತಿತ್ತು. ಕ್ಲೋರಿನ್ ಜಾಸ್ತಿ ಆಗಿರಬೇಕು ಅಂದುಕೊಂಡು ನಾವು ಹಾಕುವುದನ್ನೇ ಕಡಿಮೆ ಮಾಡಿದೆವು. ಅದು ದೊಡ್ಡ ತಪ್ಪು.

ಆ ಘಾಟು ಒಳ್ಳೆಯ ಕ್ಲೋರಿನ್ನಿನದಲ್ಲ. ಬೆವರು, ಮೂತ್ರ, ಮೈಯ ಕೊಳೆ ಜೊತೆ ಕ್ಲೋರಿನ್ ಸೇರಿ ಕ್ಲೋರಮೈನ್ ಆಗುತ್ತದೆ. ಕಣ್ಣು ಉರಿಸುವುದು, ಮೂಗು ಕಟ್ಟಿಸುವುದು ಅದೇ. ಕ್ಲೋರಿನ್ ಕಡಿಮೆ ಮಾಡಿದರೆ ಕ್ಲೋರಮೈನ್ ಹೋಗುವುದಿಲ್ಲ, ರೋಗಾಣು ಮಾತ್ರ ಹೆಚ್ಚುತ್ತವೆ. ಯುವಿ ದೀಪ, ಅಂದರೆ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಕೊಡುವ ದೀಪ, ಎರಡು ಕಡೆ ಕೆಲಸಕ್ಕೆ ಬರುತ್ತದೆ. ಒಂದು, ಕ್ಲೋರಮೈನನ್ನು ಒಡೆಯುತ್ತದೆ. ಎರಡು, ಕ್ಲೋರಿನ್ನಿಗೂ ಬಗ್ಗದ ಕ್ರಿಪ್ಟೋಸ್ಪೊರಿಡಿಯಮ್ ಅನ್ನುವ ಭೇದಿಯ ಜೀವಿಯನ್ನು ತಡೆಯುತ್ತದೆ. 1 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಒಂದು ಭಾಗ) ಕ್ಲೋರಿನ್ ಇರುವ ನೀರಿನಲ್ಲೂ ಅದು ವಾರಕ್ಕಿಂತ ಹೆಚ್ಚು ದಿನ ಬದುಕಿರುತ್ತದೆ. ಸುಮಾರು 254 ನ್ಯಾನೋಮೀಟರ್ ಅಲೆಯ ಯುವಿ-ಸಿ ಬೆಳಕು ಅದರ ಡಿಎನ್ಎಯನ್ನೇ ಕೆಡಿಸುವುದರಿಂದ ಅದು ಮುಂದೆ ಮರಿ ಹಾಕಲಾರದು.

ಆದರೆ ಇದನ್ನು ಮೊದಲೇ ಹೇಳಬೇಕು: ದೀಪ ಹಾಕಿದೆವು, ಇನ್ನು ಕ್ಲೋರಿನ್ ಬೇಡ ಅನ್ನುವ ಹಾಗಿಲ್ಲ. ಬೆಳಕು ಬೀಳುವುದು ಪೈಪಿನೊಳಗೆ ಹಾದು ಹೋಗುವ ನೀರಿಗೆ ಮಾತ್ರ. ಕೊಳದಲ್ಲಿ ನಿಂತ ನೀರನ್ನು ಕಾಯುವುದು ಕ್ಲೋರಿನ್ನೇ.

ಮೊದಲು ಕೊಳದ ಅಳತೆ ತೆಗೆಯಿರಿ

ಉದ್ದ, ಅಗಲ, ಸರಾಸರಿ ಆಳ ಮೀಟರಿನಲ್ಲಿ ಗುಣಿಸಿ. ನಮ್ಮದು 10, 5, 1.2. ಅಂದರೆ 60 ಘನ ಮೀಟರ್, 60,000 ಲೀಟರ್. ಇಷ್ಟು ನೀರು 6 ಗಂಟೆಯಲ್ಲಿ ಒಂದು ಸುತ್ತು ಫಿಲ್ಟರ್ ಹಾಯಬೇಕು ಅಂದರೆ ಗಂಟೆಗೆ 10,000 ಲೀಟರ್. ಆ ಹರಿವಿಗೆ ಸರಿಹೊಂದುವ ಯುವಿ ಪೆಟ್ಟಿಗೆ (ಒಳಗೆ ದೀಪ ಇದ್ದು ನೀರು ಹಾಯುವ ಪೆಟ್ಟಿಗೆ) ಬೇಕು. ಒಂದು ಸುತ್ತಿಗೆ ನೀರೆಲ್ಲ ದೀಪದ ಮುಂದೆ ಹಾಯ್ದಂತಾಗುವುದಿಲ್ಲ, ಬಂದ ನೀರು ಕೊಳದ ನೀರಿನ ಜೊತೆ ಬೆರೆಯುತ್ತದೆ ಅಲ್ವಾ. ಲೆಕ್ಕ ಹಾಕಿದರೆ ಒಂದು ಸುತ್ತಿಗೆ ಸುಮಾರು 63, ಎರಡಕ್ಕೆ 86, ಮೂರಕ್ಕೆ 95 ಶೇಕಡಾ. ಹಾಗಾಗಿ ಮಕ್ಕಳು ಜಾಸ್ತಿ ಬರುವ ದಿನಗಳಲ್ಲಿ ಪಂಪು ಹೆಚ್ಚು ಹೊತ್ತು ಓಡಲಿ.

ಅಂಗಡಿಯವರು ವಾಟ್ ಎಷ್ಟು ಅಂತ ಹೇಳುತ್ತಾರೆ. ನೀವು ಡೋಸ್ ಕೇಳಿ. ಚದರ ಸೆಂಟಿಮೀಟರಿಗೆ ಎಷ್ಟು ಮಿಲಿಜೌಲ್, ಎಷ್ಟು ಹರಿವಿಗೆ, ಅದೂ ದೀಪ ಹಳೆಯದಾದ ಮೇಲೆ ಎಷ್ಟು ಉಳಿಯುತ್ತದೆ ಅಂತ. ಕ್ಲೋರಮೈನ್ ಒಡೆಯಬೇಕು ಅಂದರೆ ಸಾಮಾನ್ಯವಾಗಿ 60 ಮಿಲಿಜೌಲ್ ಕೇಳುತ್ತಾರೆ. ಬಯಲಿನ ಸಣ್ಣ ಕೊಳಕ್ಕೆ ಲೋ ಪ್ರೆಶರ್ (ದೀಪದೊಳಗಿನ ಆವಿಯ ಒತ್ತಡ ಕಡಿಮೆ ಇರುವ) ದೀಪ ಸಾಕು. ಮೀಡಿಯಂ ಪ್ರೆಶರ್ ದುಬಾರಿ, ಚಾವಣಿ ಇರುವ ದೊಡ್ಡ ಕೊಳಗಳಿಗೆ ಅದು ಒಳ್ಳೆಯದು.

ಎಲ್ಲಿ ಕೂಡಿಸಬೇಕು?

ಪಂಪು, ಆಮೇಲೆ ಸ್ಯಾಂಡ್ ಫಿಲ್ಟರ್, ಆಮೇಲೆ ಯುವಿ, ಎಲ್ಲಕ್ಕಿಂತ ಕೊನೆಗೆ ಕ್ಲೋರಿನ್. ಈ ಸಾಲು ತಪ್ಪಬಾರದು. ರಾಡಿ ನೀರಿನಲ್ಲಿ ಬೆಳಕು ದೂರ ಹೋಗುವುದಿಲ್ಲ, ಅದಕ್ಕೇ ಫಿಲ್ಟರ್ ಮೊದಲು. ಯುವಿ ಕ್ಲೋರಿನ್ನನ್ನೂ ಸ್ವಲ್ಪ ತಿನ್ನುತ್ತದೆ, ಅದಕ್ಕೇ ಕ್ಲೋರಿನ್ ಆಮೇಲೆ.

ಪೆಟ್ಟಿಗೆಯ ಎರಡೂ ಬದಿಗೆ ವಾಲ್ವ್ ಮತ್ತು ಯೂನಿಯನ್ (ತಿರುಗಿಸಿ ಬಿಚ್ಚಬಹುದಾದ ಪೈಪಿನ ಜೋಡಣೆ) ಹಾಕಿಸಿ, ಪಕ್ಕದಲ್ಲೊಂದು ಬೈಪಾಸ್ ಬಿಡಿಸಿ. ಇಲ್ಲದಿದ್ದರೆ ದೀಪ ಬಿಚ್ಚುವಾಗಲೆಲ್ಲ ಕೊಳದ ಕೆಲಸವೇ ನಿಲ್ಲುತ್ತದೆ. ಇನ್ನೊಂದು, ದೀಪ ಮತ್ತು ಅದರ ಗಾಜಿನ ಕೊಳವೆಯನ್ನು ಉದ್ದಕ್ಕೆ ಎಳೆದು ತೆಗೆಯಬೇಕು. ಪೆಟ್ಟಿಗೆ ಎಷ್ಟು ಉದ್ದವೋ ಅಷ್ಟೇ ಜಾಗ ಮುಂದೆ ಖಾಲಿ ಇರಲಿ. ನಮ್ಮ ಪ್ಲಂಬರ್ ಗೋಡೆಗೆ ಅಂಟಿಸಿ ಕೂಡಿಸಿದ್ದ, ಆಮೇಲೆ ಪೈಪು ಕೊಯ್ದು ಎಲ್ಲ ತಿರುಗಿಸಬೇಕಾಯಿತು.

ಕರೆಂಟಿನ ಕೆಲಸ ಎಲೆಕ್ಟ್ರಿಷಿಯನ್ನಿಗೇ ಬಿಡಿ. ಸರಿಯಾದ ಅರ್ಥಿಂಗ್, ಸಣ್ಣ ಸೋರಿಕೆಗೂ ಟ್ರಿಪ್ ಆಗುವ ಬ್ರೇಕರ್ ಎರಡೂ ಬೇಕೇ ಬೇಕು, ನೀರಿನ ಹತ್ತಿರ ಇದರಲ್ಲಿ ಉಳಿತಾಯ ನೋಡಬೇಡಿ. ಪಂಪು ನಿಂತರೆ ದೀಪವೂ ಆರಬೇಕು, ಇಲ್ಲದಿದ್ದರೆ ನಿಂತ ನೀರು ಬಿಸಿಯಾಗುತ್ತದೆ. ನಮ್ಮ ಕಡೆ ಹೊಲದ ಲೈನಿನಲ್ಲಿ ಕರೆಂಟ್ ಹೋಗಿ ಬರುವುದು ಗೊತ್ತೇ ಇದೆ. ಹಾಗೆ ಪದೇ ಪದೇ ಆರಿ ಹತ್ತಿದರೆ ದೀಪದ ಆಯುಷ್ಯ ಕಡಿಮೆಯಾಗುತ್ತದೆ. ಕರೆಂಟ್ ಬಂದು ಸ್ವಲ್ಪ ಹೊತ್ತಾದ ಮೇಲೆ ಹತ್ತುವಂತೆ ಟೈಮರ್ ಹಾಕಿಸಿ.

ಉರಿಯುವ ದೀಪವನ್ನು ಬರಿಗಣ್ಣಿನಿಂದ ನೋಡಲೇಬೇಡಿ, ಒಂದು ಕ್ಷಣವೂ ಬೇಡ. ಕಣ್ಣಿಗೆ, ಚರ್ಮಕ್ಕೆ ಎರಡಕ್ಕೂ ಕೆಟ್ಟದ್ದು.

ನಮ್ಮ ನೀರಿನ ಬಿಳಿ ಪೊರೆ

ಇದು ನಮ್ಮ ಭಾಗದವರು ಗಮನಿಸಲೇಬೇಕಾದ ಮಾತು. ಇಲ್ಲಿ ಹಲವು ಕಡೆ ನೆಲದ ಕೆಳಗಿರುವುದು ಶಹಾಬಾದ್ ಕಲ್ಲು, ಅಂದರೆ ಸುಣ್ಣದ ಕಲ್ಲು. ಬೋರ್ ನೀರು ಅದನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ. ಗೀಸರ್ ಕಾಯಿಲ್ ಮೇಲೆ ಕೂಡುವ ಬಿಳಿ ಹೆಪ್ಪೇ ದೀಪದ ಸುತ್ತಲಿನ ಕ್ವಾರ್ಟ್ಜ್ ಗಾಜಿಗೂ ಕೂಡುತ್ತದೆ. ಮೂರು ತಿಂಗಳಾದ ಮೇಲೆ ನಾವು ಬಿಚ್ಚಿ ನೋಡಿದಾಗ ಗಾಜು ಹಾಲು ಹಚ್ಚಿದ ಹಾಗೆ ಬೆಳ್ಳಗಾಗಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು. ಪೆಟ್ಟಿಗೆಯ ಮೇಲಿನ ಸೂಚಕ ಮಾತ್ರ ದಿನಾ ಹಸಿರು ತೋರಿಸುತ್ತಿತ್ತು. ದೀಪ ಉರಿಯುತ್ತಿತ್ತು, ಬೆಳಕು ನೀರಿಗೆ ಮುಟ್ಟುತ್ತಿರಲಿಲ್ಲ.

ಈಗ ತಿಂಗಳಿಗೊಮ್ಮೆ ತೆಗೆಯುತ್ತೇವೆ. ಮೇನ್ ಆಫ್ ಮಾಡಿ, ವಾಲ್ವ್ ಎರಡೂ ಮುಚ್ಚಿ, ದೀಪ ಆರಿ ತಣ್ಣಗಾದ ಮೇಲೆ ಹತ್ತಿಯ ಕೈಗವಸು ಹಾಕಿಕೊಂಡು ಗಾಜನ್ನು ನಿಧಾನಕ್ಕೆ ಎಳೆಯಬೇಕು. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಬಿಸಿನೀರಿನಲ್ಲಿ ಕರಗಿಸಿ ಅರ್ಧ ಗಂಟೆ ನೆನೆಸಿ, ಮೆತ್ತಗಿನ ಬಟ್ಟೆಯಿಂದ ಒರೆಸಿದರೆ ಪೊರೆ ಬಿಡುತ್ತದೆ. ತಂತಿ ಬ್ರಷ್ ಬೇಡ, ಗೀರು ಬೀಳುತ್ತದೆ. ಈ ಹುಳಿ ನೀರನ್ನು ಕ್ಲೋರಿನ್ ಪುಡಿಯ ಹತ್ತಿರಕ್ಕೂ ಒಯ್ಯಬೇಡಿ, ಎರಡೂ ಕೂಡಿದರೆ ವಿಷ ಗಾಳಿ ಏಳುತ್ತದೆ. ಓ-ರಿಂಗ್ (ನೀರು ಸೋರದಂತೆ ತಡೆಯುವ ರಬ್ಬರ್ ಬಳೆ) ಸವೆದಿದ್ದರೆ ಬದಲಿಸಿಯೇ ಕೂಡಿಸಿ.

ದಿನದ ಪರೀಕ್ಷೆ

ಹಳದಿ ಬಣ್ಣ ಬರುವ ಹನಿಯ ಕಿಟ್ ಒಟ್ಟು ಕ್ಲೋರಿನ್ ಮಾತ್ರ ಹೇಳುತ್ತದೆ. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ತನ್ನಿ, ಅದರಲ್ಲಿ ಒಟ್ಟು ಕ್ಲೋರಿನ್ನೂ ಫ್ರೀ ಕ್ಲೋರಿನ್ನೂ (ಇನ್ನೂ ಕೊಳೆಯ ಜೊತೆ ಸೇರದ ಕ್ಲೋರಿನ್) ಗೊತ್ತಾಗುತ್ತವೆ. ಒಟ್ಟು ಕ್ಲೋರಿನ್ನಿನಲ್ಲಿ ಫ್ರೀ ಕ್ಲೋರಿನ್ ಕಳೆದರೆ ಉಳಿಯುವುದೇ ಕ್ಲೋರಮೈನ್. ಅದು 0.4 ಪಿಪಿಎಂ ದಾಟಬಾರದು. ಫ್ರೀ ಕ್ಲೋರಿನ್ ಕನಿಷ್ಠ 1 ಪಿಪಿಎಂ, ಬಿಸಿಲಿಗೆ ಕ್ಲೋರಿನ್ ಬೇಗ ಹೋಗದಂತೆ ತಡೆಯುವ ಸ್ಟೆಬಿಲೈಸರ್ ಹಾಕಿದ್ದರೆ ಕನಿಷ್ಠ 2. ಪಿಎಚ್ 7.2ರಿಂದ 7.8ರೊಳಗೆ. ನಮ್ಮ ಬಿಸಿಲು ಕ್ಲೋರಿನ್ನನ್ನು ಬೇಗ ಹೀರುವುದರಿಂದ ನಾವು ಹೊತ್ತು ಮುಳುಗಿದ ಮೇಲೆ ಹಾಕುತ್ತೇವೆ, ಬೆಳಿಗ್ಗೆ ಮಕ್ಕಳು ಇಳಿಯುವ ಮೊದಲು ಮತ್ತೆ ನೋಡುತ್ತೇವೆ. ಇಳಿಯುವ ಮುಂಚೆ ಮೈ ತೊಳೆದುಕೊಳ್ಳಿ ಅಂತ ಮಕ್ಕಳಿಗೆ ಹೇಳುವುದನ್ನೂ ಬಿಟ್ಟಿಲ್ಲ, ಅಷ್ಟರಿಂದಲೇ ಕ್ಲೋರಮೈನ್ ಎಷ್ಟೋ ಕಡಿಮೆ.

ದೀಪ ಕೊಂಡ ದಿನ ಪೆಟ್ಟಿಗೆಯ ಮೇಲೆ ತಾರೀಖು ಬರೆದಿಡಿ. ಇಂಥ ದೀಪಗಳ ಆಯುಷ್ಯ ಸಾಮಾನ್ಯವಾಗಿ 9,000 ಗಂಟೆ, ಹಗಲು ರಾತ್ರಿ ಉರಿದರೆ ಒಂದು ವರ್ಷ. ಆಮೇಲೂ ಅದು ನೀಲಿಯಾಗಿ ಉರಿಯುತ್ತಲೇ ಇರುತ್ತದೆ, ಆದರೆ ಯುವಿ-ಸಿ ಕುಗ್ಗಿರುತ್ತದೆ. ಬದಲಿಸಿದ ಹಳೆಯ ದೀಪದಲ್ಲಿ ಪಾದರಸ ಇರುತ್ತದೆ. ತಿಪ್ಪೆಗೆ ಎಸೆಯದೆ, ಒಡೆಯದಂತೆ ಸುತ್ತಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.