ಯೂನಿವರ್ಸಿಟಿ ಏರಿಗೆ 42 ಹಲ್ಲು: ಗೇರಿಲ್ಲದ ಸೈಕಲ್ಲಿನ ಕ್ರ್ಯಾಂಕ್ ಬದಲಿಸುವುದು

ಸಪ್ತಾಪುರದಿಂದ ಯೂನಿವರ್ಸಿಟಿ ಲೈಬ್ರರಿಗೆ ನಾನು ದಿನಾ ಸೈಕಲ್ ಮೇಲೆ ಹೋಗುತ್ತೇನೆ. ಗೇರಿಲ್ಲದ ಸೈಕಲ್. ಚೈನ್ ಓಡುವ ಮುಂದಿನ ಹಲ್ಲುಗಾಲಿಗೆ 46 ಹಲ್ಲು, ಹಿಂದಿನದಕ್ಕೆ 18. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಒಂದು ದಿನ ಎಡಗಾಲಿನ ಕಡೆ ಟಕ್ ಟಕ್ ಸಪ್ಪಳ ಶುರುವಾಯಿತು. ಪೆಡಲ್ ಇರಬೇಕು ಅಂದುಕೊಂಡು ಒಂದು ವಾರ ಹಾಗೇ ತುಳಿದೆ. ಪೆಡಲ್ ಆಗಿರಲಿಲ್ಲ, ಪೆಡಲ್ ಹಿಡಿದಿರುವ ತೋಳು, ಅಂದರೆ ಕ್ರ್ಯಾಂಕೇ ಸಡಿಲಾಗಿತ್ತು. ಓಣಿಯ ಮೇಸ್ತ್ರಿ ಬಿಚ್ಚಿ ನೋಡಿ, "ಅಕ್ಕಾರ, ಇದನ್ನ ಎಷ್ಟ್ ಬಿಗಿ ಮಾಡಿದ್ರೂ ನಿಲ್ಲಂಗಿಲ್ರೀ. ಒಳಗ ಚೌಕ ಅಗಲ ಆಗೇತಿ" ಅಂದರು.

ಆ ಚೌಕವೇ ಇಲ್ಲಿ ಮುಖ್ಯ. ಎರಡೂ ಕ್ರ್ಯಾಂಕ್ ಸೇರಿಸುವ ನಡುವಿನ ಆ್ಯಕ್ಸಲ್ ಉಕ್ಕಿನದು. ಅದರ ಎರಡೂ ತುದಿ ಚೌಕವಾಗಿದ್ದು, ಹೊರಗೆ ಹೋದಂತೆ ಸಣ್ಣದಾಗುತ್ತದೆ. ಕ್ರ್ಯಾಂಕ್ ಅಲ್ಯೂಮಿನಿಯಂನದು, ಅದರಲ್ಲಿ ಚೌಕದ ತೂತು. ಬೋಲ್ಟ್ ಸಡಿಲಾದ ಮೇಲೆ ತುಳಿಯುತ್ತಾ ಹೋದರೆ ಉಕ್ಕು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ತೂತಿನ ಮೂಲೆ ಸವೆದರೆ ಮುಗಿಯಿತು, ಆ ಕ್ರ್ಯಾಂಕ್ ಮತ್ತೆ ಕಚ್ಚಿಕೊಳ್ಳುವುದಿಲ್ಲ. ಸಪ್ಪಳ ಕೇಳಿದ ದಿನವೇ ನಿಲ್ಲಿಸಿ ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ನೋಡುವುದು ಸುಲಭ. ಎರಡೂ ಕ್ರ್ಯಾಂಕ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ. ಒಂದೇ ಅಲ್ಲಾಡಿದರೆ ಕ್ರ್ಯಾಂಕ್ ಸಡಿಲು. ಎರಡೂ ಒಟ್ಟಿಗೆ ಅಲ್ಲಾಡಿದರೆ ದೋಷ ಒಳಗಿನ ಬೇರಿಂಗಿನದು.

ನಾನು ಎಡಗಡೆಯದನ್ನಷ್ಟೇ ಬದಲಿಸಬಹುದಿತ್ತು. ಆದರೆ ಯೂನಿವರ್ಸಿಟಿ ಏರಿನಲ್ಲಿ 46 ಹಲ್ಲು ಮೊದಲಿನಿಂದಲೂ ಭಾರ. ಹೆಗಲಿಗೆ ಬ್ಯಾಗ್, ಎದುರು ಗಾಳಿ ಇದ್ದರಂತೂ ಮಂಡಿಗೇ ಹೊಡೆತ. ಲೆಕ್ಕ ಹಾಕಿದೆ: 46 ಭಾಗಿಸು 18 ಅಂದರೆ ಒಂದು ತುಳಿತಕ್ಕೆ ಚಕ್ರ 2.56 ಸುತ್ತು. 42 ಹಲ್ಲಾದರೆ 2.33 ಸುತ್ತು. ನೂರಕ್ಕೆ 9ರಷ್ಟು ಹಗುರ. ಕೇಳಲು ಕಡಿಮೆ, ಕಾಲಿಗೆ ಜಾಸ್ತಿ. ಸಂಜೆ ಇಳುಕಲಿನಲ್ಲಿ ತುಳಿಯಲು ಹೋದರೆ ಕಾಲು ಬೇಗ ಬೇಗ ತಿರುಗುತ್ತದೆ, ಅಲ್ಲಿ ಸುಮ್ನೆ ಕೂತರಾಯಿತು. ಹೀಗಾಗಿ ಎರಡೂ ಕ್ರ್ಯಾಂಕ್, 42 ಹಲ್ಲಿನ ಗಾಲಿ ಸೇರಿದ ಪೂರ್ತಿ ಸೆಟ್ಟನ್ನೇ ತಂದೆ.

ಕೊಳ್ಳಲು ಹೋಗುವಾಗ ಹಳೆಯ ಕ್ರ್ಯಾಂಕ್ ಕೈಯಲ್ಲಿರಲಿ. ಹಿಂಬದಿಯಲ್ಲಿ ಉದ್ದ ಕೊರೆದಿರುತ್ತದೆ, ನನ್ನದರಲ್ಲಿ 170 ಮಿ.ಮೀ. ಇತ್ತು. ಚೈನಿನ ಅಗಲವನ್ನೂ ಹೇಳಿ. ಅಗಲ ಚೈನ್ ತೆಳುವಾದ ಹಲ್ಲಿನ ಮೇಲೆ ಓಡುತ್ತದೆ, ತೆಳು ಚೈನ್ ದಪ್ಪ ಹಲ್ಲಿನ ಮೇಲೆ ಕೂರುವುದೇ ಇಲ್ಲ. ಇನ್ನೊಂದು ಮಾತು. ಅಪ್ಪನ ಕಾಲದ ಕರಿ ಸೈಕಲ್ಲಿಗೆ ಈ ವಿಧಾನ ಹೊಂದುವುದಿಲ್ಲ. ಅದರ ಕ್ರ್ಯಾಂಕ್ ಕಾಟರ್ ಪಿನ್ ಎಂಬ ಬೆಣೆಯ ಮೇಲೆ ನಿಂತಿರುತ್ತದೆ, ನಟ್ ಬಿಚ್ಚಿ ಪಿನ್ ಹೊಡೆದು ತೆಗೆಯಬೇಕು.

ಬೇಕಾದದ್ದು: 15 ನಂಬರ್ ಪಾನಾ, 14 ನಂಬರ್ ಬಾಕ್ಸ್ ಪಾನಾ, ಚೈನ್ ಬಿಚ್ಚುವ ಟೂಲ್, ಗ್ರೀಸ್, ಸ್ವಲ್ಪ ಚಿಮಣಿ ಎಣ್ಣೆ, ಹಳೆ ಅರಿವೆ. ಎಲ್ಲಕ್ಕಿಂತ ಮುಖ್ಯವಾಗಿ ಕ್ರ್ಯಾಂಕ್ ಪುಲ್ಲರ್, ಅಂದರೆ ಕ್ರ್ಯಾಂಕನ್ನು ಆ್ಯಕ್ಸಲ್ಲಿನಿಂದ ಎಳೆದು ತೆಗೆಯುವ ಟೂಲ್. ಅದಿಲ್ಲದೆ ಸುತ್ತಿಗೆಯಿಂದ ಬಡಿಯಬೇಡಿ, ಬೇರಿಂಗ್ ಹಾಳಾಗುತ್ತದೆ.

ಮೊದಲು ಪೆಡಲ್ ತೆಗೆಯಿರಿ. ಎಡ ಪೆಡಲ್ಲಿನ ಥ್ರೆಡ್ ಉಲ್ಟಾ. ನೆನಪಿಡಲು ಒಂದು ದಾರಿ ಇದೆ: ಪಾನಾ ಮೇಲ್ಮುಖವಾಗಿ ಹಿಡಿದು ಹಿಂದಿನ ಚಕ್ರದ ಕಡೆ ಎಳೆದರೆ ಎರಡೂ ಪೆಡಲ್ ಬಿಚ್ಚುತ್ತವೆ. ಆಮೇಲೆ ಚೈನ್ ಇಳಿಸಿ, ಕ್ರ್ಯಾಂಕಿನ ನಡುವಿನ ಕ್ಯಾಪ್ ತೆಗೆದು 14 ನಂಬರ್ ಬೋಲ್ಟ್ ಬಿಚ್ಚಿ. ಈ ಬೋಲ್ಟ್ ಎರಡೂ ಕಡೆ ಸಾದಾ ಥ್ರೆಡ್ಡಿನದೇ.

ಇಲ್ಲಿ ಅವಸರ ಬೇಡ. ಬೋಲ್ಟಿನ ಹಿಂದೆ ವಾಷರ್ ಒಳಗೇ ಅಂಟಿಕೊಂಡಿರಬಹುದು. ಬೆಳಕು ಬಿಟ್ಟು ನೋಡಿ, ಇದ್ದರೆ ಸೂಜಿಯಿಂದ ಎಬ್ಬಿಸಿ ತೆಗೆಯಿರಿ. ಪುಲ್ಲರಿನ ನಡುವಿನ ಸರಳನ್ನು ಪೂರ್ತಿ ಹಿಂದಕ್ಕೆ ಬಿಡಿ. ನಂತರ ಪುಲ್ಲರನ್ನು ಬೆರಳಿನಿಂದಲೇ ಕ್ರ್ಯಾಂಕಿನ ಥ್ರೆಡ್ಡಿಗೆ ತಿರುಗಿಸಿ. ನೆಟ್ಟಗೆ ಹೋಗಬೇಕು, ಕೊನೆಯ ತನಕ ಹೋಗಬೇಕು. ಎರಡೇ ಸುತ್ತು ತಿರುಗಿಸಿ ನಿಲ್ಲಿಸಿ ಸರಳು ಒತ್ತಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ, ಕ್ರ್ಯಾಂಕ್ ಅಲ್ಲೇ ಉಳಿಯುತ್ತದೆ. ಪೂರ್ತಿ ಕೂತ ಮೇಲೆ ಸರಳನ್ನು ಪಾನಾದಿಂದ ತಿರುಗಿಸಿ. ನನ್ನ ಎಡಗಡೆಯದು ಕೈಗೇ ಬಂತು. ಬಲಗಡೆಯದಕ್ಕೆ ತೋಳಿನ ಬಲ ಪೂರ್ತಿ ಬೇಕಾಯಿತು. ಕಿರ್ ಅಂತ ಒಂದು ಸಲ ಕೂಗಿ ಬಿಟ್ಟುಕೊಟ್ಟಿತು.

ಆ್ಯಕ್ಸಲ್ ತುದಿಗಳನ್ನು ಚಿಮಣಿ ಎಣ್ಣೆಯಲ್ಲಿ ಒರೆಸಿ ಒಣಗಿಸಿ. ಬೆರಳಿನಿಂದ ಆ್ಯಕ್ಸಲ್ ತಿರುಗಿಸಿ ನೋಡಿ. ಒಳಗೆ ಮರಳು ಅರೆದಂತೆ ಅನಿಸಿದರೆ ಬೇರಿಂಗನ್ನೂ ಈಗಲೇ ಬದಲಿಸಿ. ಚೌಕಕ್ಕೆ ಗ್ರೀಸ್ ಹಚ್ಚಬೇಕೋ ಬೇಡವೋ ಎಂಬ ವಾದ ಹಳೆಯದು. ನಾನು ಹಚ್ಚುವುದಿಲ್ಲ, ಬೋಲ್ಟಿನ ಥ್ರೆಡ್ಡಿಗೆ ಮಾತ್ರ ಹಚ್ಚುತ್ತೇನೆ. ಹೊಸ ಕ್ರ್ಯಾಂಕ್‌ಗಳನ್ನು ಕೈಯಿಂದ ಕೂರಿಸಿ, ಒಂದು ಮೇಲೆ ಒಂದು ಕೆಳಗೆ ಬರುವಂತೆ. ಬೋಲ್ಟ್ 35ರಿಂದ 40 ನ್ಯೂಟನ್ ಮೀಟರ್ ಬಿಗಿ ಇರಬೇಕು. ಅಳೆಯುವ ಪಾನಾ ಮನೆಯಲ್ಲಿ ಯಾರ ಹತ್ತಿರ ಇರುತ್ತದೆ? 20 ಸೆಂ.ಮೀ. ಉದ್ದದ ಪಾನಾದ ತುದಿಗೆ 18–20 ಕೆ.ಜಿ. ಒತ್ತಿದರೆ ಅಷ್ಟಾಗುತ್ತದೆ. ತುಂಬಿದ ದೊಡ್ಡ ಕೊಡ ಎತ್ತುವಾಗ ಕೈಗೆ ಬರುವ ಭಾರ ನೆನಪು ಮಾಡಿಕೊಳ್ಳಿ.

ಈಗ ಹಿಂದೆ ನಿಂತು ನೋಡಿ. ಮುಂದಿನ ಹಲ್ಲು, ಹಿಂದಿನ ಹಲ್ಲು ಒಂದೇ ಗೆರೆಯಲ್ಲಿವೆಯಾ? ಒಂದು ದಾರ ಎಳೆದು ಹಿಡಿದರೆ ಗೊತ್ತಾಗುತ್ತದೆ. ತೀರಾ ಹೊರಗೆ ಅಥವಾ ಒಳಗೆ ಕೂತಿದ್ದರೆ ಆ್ಯಕ್ಸಲ್ ಉದ್ದ ಹೊಂದಿಲ್ಲ ಎಂದರ್ಥ. ಹಾಗೇ ಓಡಿಸಿದರೆ ಚೈನ್ ಬೀಳುತ್ತಲೇ ಇರುತ್ತದೆ.

ನಾಲ್ಕು ಹಲ್ಲು ಕಡಿಮೆಯಾದರೆ ಚೈನ್ ಒಂದು ಇಂಚು ಉಳಿಯುತ್ತದೆ. ಒಂದು ಕೊಂಡಿ ಅರ್ಧ ಇಂಚು, ಅಂದರೆ ಒಂದು ಜೋಡಿ ಕೊಂಡಿ ತೆಗೆದರೆ ಚಕ್ರ ಮೊದಲಿನ ಜಾಗದಲ್ಲೇ ನಿಲ್ಲುತ್ತದೆ. ಚೈನಿನ ಎರಡು ತುದಿ ಜೋಡಿಸುವ ಲಾಕಿನ ಕ್ಲಿಪ್ಪಿನ ಮುಚ್ಚಿದ ತಲೆ ಚೈನ್ ಓಡುವ ದಿಕ್ಕಿಗೆ ಇರಲಿ. ಚಕ್ರ ಹಿಂದಕ್ಕೆ ಎಳೆದು ಬಿಗಿ ಮಾಡುವಾಗ ಕ್ರ್ಯಾಂಕನ್ನು ಪೂರ್ತಿ ಒಂದು ಸುತ್ತು ತಿರುಗಿಸಿ. ಒಂದು ಕಡೆ ಚೈನ್ ಬಿಗಿ, ಇನ್ನೊಂದು ಕಡೆ ಸಡಿಲು ಇರುತ್ತದೆ. ಅತಿ ಬಿಗಿ ಇರುವ ಕಡೆ ಅರ್ಧ ಇಂಚು ಮೇಲೆ ಕೆಳಗೆ ಆಡಬೇಕು. ಪೆಡಲ್ ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಬೆರಳಿನಿಂದಲೇ ಶುರು ಮಾಡಿ.

ಕೈಗೆ ಹತ್ತಿದ ಗ್ರೀಸಿಗೆ ಮೊದಲು ಕೊಬ್ಬರಿ ಎಣ್ಣೆ ತಿಕ್ಕಿ, ಆಮೇಲೆ ಕಡಲೆಹಿಟ್ಟು. ಮರುದಿನ ಪುಸ್ತಕ ಮುಟ್ಟುವ ನನಗೆ ಇದು ದೊಡ್ಡ ಚಿಂತೆ.

ಬೋಲ್ಟಿನ ಕ್ಯಾಪ್ ಇನ್ನೂ ಹಾಕಬೇಡಿ. ಹೊಸ ಕ್ರ್ಯಾಂಕ್ ತುಳಿತಕ್ಕೆ ಸ್ವಲ್ಪ ಒಳಗೆ ಸರಿಯುತ್ತದೆ, ಬೋಲ್ಟ್ ಸಡಿಲಾಗುತ್ತದೆ. 14 ನಂಬರ್ ಪಾನಾ ಬ್ಯಾಗಿನಲ್ಲಿಟ್ಟುಕೊಂಡು ಭಾನುವಾರ ಹುಬ್ಬಳ್ಳಿಗೆ ಹೋಗಿಬಂದೆ, ಹೆಚ್ಚೂಕಡಿಮೆ 40 ಕಿ.ಮೀ. ಹೋಗುವಾಗ ಉಣಕಲ್ ಕೆರೆಯ ಹತ್ತಿರ ನಿಲ್ಲಿಸಿ ನೋಡಿದಾಗ ಎಡಗಡೆಯ ಬೋಲ್ಟ್ ಕಾಲು ಸುತ್ತು ಹಿಡಿಯಿತು. ಮನೆಗೆ ಬಂದು ನೋಡಿದಾಗ ಎರಡೂ ಅಲ್ಲಾಡಲಿಲ್ಲ. ಅದಕ್ಕಿಂತ ಹೆಚ್ಚು ಬಿಗಿ ಮಾಡುತ್ತಾ ಹೋಗಬಾರದು, ಕ್ರ್ಯಾಂಕ್ ಇನ್ನೂ ಒಳಗೆ ಸರಿದು ಸೀಳಿಬಿಡುತ್ತದೆ. ಆಗ ಕ್ಯಾಪ್ ಒತ್ತಿ ಕೂರಿಸಿದೆ.