ಕೀರ್ತಿಮುಖದ ಕಣ್ಣಿಗೆ ಏಣಿ ಹಾಕಿದ್ದು

ಆಟಗಾರರು ಕಾಲ್ಪನಿಕ ಸಾಹಸಿಗಳ ಪಾತ್ರ ವಹಿಸಿ ಆಡುವ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 1978ರ ಕೈಪಿಡಿಗೆ ಡೇವಿಡ್ ಟ್ರ್ಯಾಂಪಿಯರ್ ಬರೆದ ಮುಖಪುಟವನ್ನು ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ತಂದು ವ್ಯಂಗ್ಯಚಿತ್ರ ಮಾಡುತ್ತೇನೆಂದಾಗ ಗೆಳೆಯರು ನಕ್ಕರು. ಮೂಲ ಚಿತ್ರ ಗೊತ್ತಿಲ್ಲದವರಿಗೆ ನಗು ಬರುವುದಿಲ್ಲ, ಗೊತ್ತಿದ್ದವರು ನಕಲು ಎನ್ನುತ್ತಾರೆ ಎಂಬುದು ಅವರ ವಾದವಾಗಿತ್ತು.

ಮೊದಲ ಎರಡು ಹಾಳೆಗಳ ಮಟ್ಟಿಗೆ ಅವರ ಮಾತೇ ನಿಜವಾಯಿತು. ಆ ಮುಖಪುಟದ ರಾಕ್ಷಸ ವಿಗ್ರಹವನ್ನು ಗೆರೆ ತಪ್ಪದಂತೆ ಇಳಿಸಿದ್ದೆ. ಅದು ಯಕ್ಷಗಾನದ ಬಣ್ಣದ ವೇಷದಂತೆ ಕಂಡಿತು. ದೇವರ ಮೂರ್ತಿಯನ್ನು ಹಾಸ್ಯಕ್ಕೆ ಎಳೆಯಲು ಮನಸ್ಸಿರಲಿಲ್ಲ. ಕೊನೆಗೆ ಹಳೇಬೀಡಿಗೆ ಹೋಗಿ ಅರ್ಧ ದಿನ ಕುಳಿತು ಕೀರ್ತಿಮುಖಗಳನ್ನು, ಅಂದರೆ ಗುಡಿಗಳಲ್ಲಿ ಅಲಂಕಾರಕ್ಕೆ ಕೆತ್ತುವ ಉಗ್ರ ಮುಖಗಳನ್ನು, ಬರೆದುಕೊಂಡೆ. ಗುಡ್ಡೆ ಉಬ್ಬಿದ ಆ ಕಣ್ಣುಗಳನ್ನು ನೋಡಿದರೆ ಕೀಳುವುದಕ್ಕೆಂದೇ ಕೆತ್ತಿದಂತಿದೆ.

ಮೂಲದಲ್ಲಿ ಇಬ್ಬರು ಕಳ್ಳರು ವಿಗ್ರಹದ ಕಣ್ಣಿನ ರತ್ನವನ್ನು ಮೀಟುತ್ತಿದ್ದರೆ, ಕೆಳಗೆ ಒಬ್ಬ ಕತ್ತಿ ಒರೆಸುತ್ತಾನೆ, ಕೆಲವರು ನಕ್ಷೆ ನೋಡುತ್ತಾರೆ, ಮತ್ತೆ ಕೆಲವರು ಹಲ್ಲಿಮನುಷ್ಯರ ಹೆಣ ಎಳೆಯುತ್ತಾರೆ. ನಾನು ಈ ಜಾಗಗಳನ್ನು ಕದಲಿಸದೆ ಆಳುಗಳನ್ನು ಮಾತ್ರ ಬದಲಿಸಿದೆ. ಮೆಣಸು ಕೊಯ್ಯುವ ಬಿದಿರೇಣಿ ಹತ್ತಿದ ಇಬ್ಬರು ಕಣ್ಣಿನಿಂದ ಕಾಫಿ ಹಣ್ಣು ಕೀಳುತ್ತಾರೆ, ಕೆಳಗೆ ಮೇಸ್ತ್ರಿಯ ಲೆಕ್ಕದ ಪುಸ್ತಕದ ಸುತ್ತ ಜಗಳ ನಡೆದಿದೆ, ಹೆಣಗಳ ಬದಲು ಮೂಟೆಗಳಿವೆ. ಕತ್ತಿ ಒರೆಸುವವನ ಜಾಗದಲ್ಲಿ ಕಾಲಿಗೆ ಹತ್ತಿದ ಉಂಬಳ (ರಕ್ತ ಹೀರುವ ಜಿಗಣೆ) ಕೀಳುವವನನ್ನು ಕೂರಿಸಿ ಬೀಗುತ್ತಿದ್ದೆ. ತೋಟದ ಲೆಕ್ಕ ಬರೆಯುವ ರೈಟರೊಬ್ಬರು ನೋಡಿದವರೇ, ‘ಹಣ್ಣು ಕೊಯ್ಲು ಚಳಿಗಾಲದಲ್ಲಿ, ಉಂಬಳ ಮಳೆಗಾಲದಲ್ಲಿ. ಎರಡನ್ನೂ ಒಟ್ಟಿಗೆ ಎಲ್ಲಿ ಕಂಡಿರಿ ಸ್ವಾಮಿ?’ ಎಂದರು. ಇಡೀ ಹಾಳೆ ಹೋಯಿತು. ಈಗ ಅಲ್ಲಿ ಕೂತವನು ಹಣ್ಣಿನ ಅಂಟು ಹತ್ತಿದ ಕೈಯನ್ನು ಒರೆಸಿಕೊಳ್ಳುತ್ತಿದ್ದಾನೆ. ನಿಜ ಹೇಳಬೇಕೆಂದರೆ ಮೂಲದ ಭಂಗಿಗೆ ಇವನೇ ಹೆಚ್ಚು ಹತ್ತಿರ.

ನಡುವೆ ಹಿನ್ನೆಲೆಗೆ ಫಿಲ್ಟರ್ ಕಾಫಿಯ ಡಿಕಾಕ್ಷನ್ ಬಳಿದು ನೋಡಿದೆ. ಚಿಕೋರಿ ಬೆರೆತದ್ದು ಮೂರನೆಯ ಲೇಪಕ್ಕೇ ಅಂಟಂಟಾಗಿ ಮಿರುಗಿತು, ಜುಲೈ ತಿಂಗಳಲ್ಲಿ ಹಾಳೆಗೆ ಬೂಷ್ಟು ಹಿಡಿಯಿತು. ಶುದ್ಧ ಅರೇಬಿಕಾ ಪುಡಿಯದು ನಿಂತಿತು. ಮಿರುಗು ಹೋಗಲು ಅದಕ್ಕೆ ಏನು ಬೆರೆಸಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ.

ಹಣ ಹೋದದ್ದು ಮುದ್ರಣದಲ್ಲಿ. ಪರದೆಯ ಮೇಲೆ ಕೆಂಡದಂತಿದ್ದ ಕಿತ್ತಳೆ ಬಣ್ಣ ನಾಲ್ಕು ಬಣ್ಣದ ಮುದ್ರಣದಲ್ಲಿ ಇಟ್ಟಿಗೆ ಪುಡಿಯಾಯಿತು. ಮಾದರಿ ಪ್ರತಿ ತೆಗೆಸದೆ ಒಮ್ಮೆಗೇ ಎ3 ಅಳತೆಯ ಇಪ್ಪತ್ತೈದು ಹಾಳೆ ಹಾಕಿಸಿದ್ದೆ. ಸುಮಾರು ಸಾವಿರದ ಐನೂರು ರೂಪಾಯಿ ರದ್ದಿಗೆ ಹೋಯಿತು. ಎರಡನೆಯ ಸಲ ಕಿತ್ತಳೆಯನ್ನು ಹೆಚ್ಚಿಸುವ ಬದಲು ಸುತ್ತಲಿನದನ್ನೆಲ್ಲ ನೀಲಿಗೆ ತಿರುಗಿಸಿ ಕಪ್ಪಾಗಿಸಿದೆ. ಅದೇ ಮಂಕು ಕಿತ್ತಳೆ ಬೆಂಕಿಯಂತೆ ಎದ್ದು ಬಂತು.

ಕಾಗದ, ಶಾಯಿ ಎಲ್ಲ ಸೇರಿ ಆರು ಸಾವಿರದ ಹತ್ತಿರ ಖರ್ಚು. ತಲಾ ಇನ್ನೂರೈವತ್ತರಂತೆ ನಲವತ್ತರ ಆಸುಪಾಸು ಪ್ರತಿಗಳು ಹೋಗಿವೆ, ಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಆಟದ ಹೆಸರನ್ನೇ ಕೇಳಿದವರಲ್ಲ. ಮೂಲ ಚಿತ್ರ ಹಿಂಬದಿಯ ರಕ್ಷಾಪುಟಕ್ಕೂ ಹರಿದಿದೆ. ನನ್ನದರಲ್ಲಿ ಆ ಅರ್ಧ ಇನ್ನೂ ಪೆನ್ಸಿಲ್ಲಿನಲ್ಲೇ ಇದೆ.