ಮನೆ ಅಲುಗಾಡಿದಾಗ ಮಗುವಿನ ಸಿಟ್ಟು: ಏನು ಮಾಡಬೇಕು, ಏನು ಬಿಡಬೇಕು

ಒಂದು ಕಾಲಿಗೆ ಶೂ ಹಾಕಿಕೊಂಡ ಏಳು ವರ್ಷದ ಹುಡುಗಿ ಇನ್ನೊಂದು ಶೂವನ್ನು ಗೋಡೆಗೆ ಎಸೆಯುತ್ತಾಳೆ. ಕೇಳಿದರೆ, ಕಾಲುಚೀಲದ ಹೊಲಿಗೆ ಬೆರಳಿಗೆ ಒತ್ತುತ್ತಿದೆಯಂತೆ. ನಿನ್ನೆಯೂ ಅದೇ ಕಾಲುಚೀಲ ಹಾಕಿಕೊಂಡಿದ್ದಳು, ನಿನ್ನೆ ಒತ್ತಿರಲಿಲ್ಲ. ಆದರೆ ರಾತ್ರಿ ಅಪ್ಪ ಎರಡು ಸೂಟ್‌ಕೇಸ್‌ಗಳಿಗೆ ಬಟ್ಟೆ ತುಂಬುತ್ತಿದ್ದುದನ್ನು ಅವಳು ಬಾಗಿಲ ಸಂದಿಯಿಂದ ನೋಡಿದ್ದಾಳೆ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಎಲ್ಲರಿಗೂ ಗೊತ್ತು. ಬಡವಾದ ಕೂಸು ಸುಮ್ಮನೆ ಮೂಲೆ ಸೇರುವುದಿಲ್ಲ, ಶೂ ಎಸೆಯುತ್ತದೆ ಎಂಬುದನ್ನು ಮಾತ್ರ ಗಾದೆ ಹೇಳಲಿಲ್ಲ. ವಿಚ್ಛೇದನವಿರಲಿ, ಮನೆಯವರ ಕೆಲಸ ಹೋಗಿರಲಿ, ಸಾವು, ದೀರ್ಘ ಕಾಯಿಲೆ, ಊರು ಬದಲಾವಣೆ ಯಾವುದೇ ಇರಲಿ, ಮಗುವಿನ ರೇಗಾಟದ ಒಳಗಿರುವುದು ಬಹುತೇಕ ಒಂದೇ ಪ್ರಶ್ನೆ: ‘ನಾಳೆ ನನ್ನ ಗತಿ ಏನು?’ ಆ ಪ್ರಶ್ನೆಗೆ ಉತ್ತರ ಕೊಡದೆ ಸಿಟ್ಟನ್ನಷ್ಟೇ ಗದರಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಮೊದಲು ವಿಷಯ ಹೇಳಿ

ಮಕ್ಕಳಿಗೆ ಏನೂ ಗೊತ್ತಾಗುವುದಿಲ್ಲ ಎಂಬುದು ದೊಡ್ಡವರು ತಮ್ಮ ಅನುಕೂಲಕ್ಕೆ ನಂಬಿಕೊಂಡ ಮಾತು. ಅವರಿಗೆ ಅರ್ಧ ಗೊತ್ತಿರುತ್ತದೆ. ಉಳಿದರ್ಧವನ್ನು ಊಹೆಯಿಂದ ತುಂಬಿಕೊಳ್ಳುತ್ತಾರೆ, ಆ ಊಹೆ ನಿಜಕ್ಕಿಂತ ಭಯಂಕರವಾಗಿರುತ್ತದೆ. ಚಿಕ್ಕ ಮಕ್ಕಳು ಜಗತ್ತಿನ ಎಲ್ಲಕ್ಕೂ ತಾವೇ ಕಾರಣವೆಂದು ಭಾವಿಸುವುದು ಸಹಜ. ‘ನಾನು ಹಠ ಮಾಡಿದ್ದಕ್ಕೆ ಅಪ್ಪ ಹೊರಟುಹೋದರು’ ಎಂದು ಐದು ವರ್ಷದ ಮಗು ಯಾರಿಗೂ ಹೇಳದೆ ನಂಬಿಕೊಂಡಿರಬಹುದು.

ಆದ್ದರಿಂದ ನಿರ್ಧಾರ ಗಟ್ಟಿಯಾದ ಮೇಲೆ, ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಕುಳಿತು ಹೇಳಿ. ಮಲಗುವ ಹೊತ್ತಿನಲ್ಲಿ ಬೇಡ, ಶಾಲೆಗೆ ಹೊರಡುವ ಮುಂಚೆಯೂ ಬೇಡ. ಮಗು ಅಳಲು, ಮತ್ತೆ ಮತ್ತೆ ಕೇಳಲು ಸಮಯವಿರಬೇಕು. ‘ಇನ್ನು ಮೇಲೆ ನಾವು ಬೇರೆ ಬೇರೆ ಮನೆಯಲ್ಲಿ ಇರುತ್ತೇವೆ. ಇದು ದೊಡ್ಡವರ ವಿಷಯ, ನೀನು ಮಾಡಿದ ಯಾವುದರಿಂದಲೂ ಹೀಗಾಗಿಲ್ಲ. ನಿನಗೆ ನಾವಿಬ್ಬರೂ ಇರುತ್ತೇವೆ.’ ಇಷ್ಟು ಸಾಕು. ಯಾರು ಯಾರಿಗೆ ಮೋಸ ಮಾಡಿದರು ಎಂಬ ಪುರಾಣ ಮಗುವಿಗೆ ಬೇಡ. ‘ನಿನ್ನ ತಪ್ಪಲ್ಲ’ ಎಂಬುದನ್ನು ಮಾತ್ರ ತಿಂಗಳುಗಟ್ಟಲೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ. ‘ಎಲ್ಲ ಮೊದಲಿನಂತೆಯೇ ಇರುತ್ತದೆ’ ಎಂದು ಸಮಾಧಾನಕ್ಕೂ ಹೇಳಬೇಡಿ, ಅದು ಸುಳ್ಳೆಂದು ವಾರದೊಳಗೆ ತಿಳಿಯುತ್ತದೆ.

ಸಾವಿನ ಸುದ್ದಿಯಾದರೆ ‘ಸತ್ತರು’ ಎಂಬ ಪದವನ್ನೇ ಬಳಸಿ. ‘ಮಲಗಿದ್ದಾರೆ’ ಎಂದರೆ ಚಿಕ್ಕ ಮಗು ತಾನು ಮಲಗಲು ಹೆದರುತ್ತದೆ, ‘ದೂರ ಹೋಗಿದ್ದಾರೆ’ ಎಂದರೆ ಬಾಗಿಲು ಕಾಯುತ್ತದೆ.

ನಾಳೆಯನ್ನು ಗೋಡೆಗೆ ಅಂಟಿಸಿ

ದೊಡ್ಡವರಿಗೆ ‘ಏಕೆ ಹೀಗಾಯಿತು’ ಎಂಬುದು ಮುಖ್ಯ. ಮಕ್ಕಳಿಗೆ ಬೇಕಾಗಿರುವುದು ಅಕ್ಷರಶಃ ವೇಳಾಪಟ್ಟಿ. ಗುರುವಾರ ಶಾಲೆಯಿಂದ ಕರೆದುಕೊಂಡು ಬರುವವರು ಯಾರು? ಹುಟ್ಟುಹಬ್ಬ ಯಾವ ಮನೆಯಲ್ಲಿ? ಆಟದ ಸಾಮಾನು ಬಿಟ್ಟು ಬಂದರೆ ಅದು ಅಲ್ಲೇ ಇರುತ್ತದೆಯೇ?

ಒಂದು ದೊಡ್ಡ ಹಾಳೆಯಲ್ಲಿ ಮುಂದಿನ ಹದಿನಾಲ್ಕು ದಿನಗಳ ಚೌಕ ಎಳೆಯಿರಿ. ಅಮ್ಮನ ಮನೆಯ ದಿನಗಳಿಗೆ ಒಂದು ಬಣ್ಣ, ಅಪ್ಪನ ಮನೆಯ ದಿನಗಳಿಗೆ ಇನ್ನೊಂದು. ಬಣ್ಣವನ್ನು ಮಗುವೇ ಆರಿಸಲಿ, ಮಗುವೇ ತುಂಬಲಿ. ಎರಡು ಮನೆಯ ನಡುವೆ ಓಡಾಡುವ ಮಗುವಾದರೆ ಇದನ್ನೇ ನಕಲು ಮಾಡಿ ಇನ್ನೊಂದು ಮನೆಯಲ್ಲೂ ಅಂಟಿಸಿ. ಹಲ್ಲುಜ್ಜುವ ಬ್ರಷ್, ರಾತ್ರಿ ಉಡುಪು, ಬಣ್ಣದ ಪೆನ್ಸಿಲ್ ಎರಡೂ ಕಡೆ ಇರಲಿ. ಪ್ರತಿ ಸಲ ಚೀಲ ಕಟ್ಟಿಕೊಂಡು ಹೋಗುವವರು ನೆಂಟರು, ಮಗು ಎರಡು ಮನೆಗೂ ನೆಂಟನಾಗಬಾರದು.

ಮನೆ ಬದಲಾಗುವ ಸಂಜೆ ಹೆಚ್ಚು ಕಡಿಮೆ ಎಲ್ಲ ಮಕ್ಕಳೂ ಸಿಡುಕುತ್ತಾರೆ. ‘ಅಲ್ಲಿ ಏನೋ ಹೇಳಿಕೊಟ್ಟು ಕಳಿಸಿದ್ದಾರೆ’ ಎಂದು ಕೂಡಲೇ ತೀರ್ಮಾನಿಸಬೇಡಿ. ಒಂದು ಬಗೆಯ ನಿಯಮ ಬಿಟ್ಟು ಇನ್ನೊಂದಕ್ಕೆ ಹೊಂದಿಕೊಳ್ಳುವ ಹೊತ್ತು ಅದು. ಬಂದ ಮೊದಲ ಅರ್ಧ ಗಂಟೆ ಏನನ್ನೂ ವಿಚಾರಿಸದೆ ಬಿಟ್ಟುಬಿಡಿ. ಅಲ್ಲಿನ ಸುದ್ದಿಯನ್ನಂತೂ ಕೆದಕಲೇಬೇಡಿ.

ಸಿಟ್ಟು ನೆತ್ತಿಗೇರಿದಾಗ

ಆ ಕ್ಷಣದಲ್ಲಿ ಮೈಯಲ್ಲಿ ಅಡ್ರಿನಲಿನ್ ಹರಿದಾಡುತ್ತಿರುತ್ತದೆ, ಎದೆ ಡವಗುಟ್ಟುತ್ತಿರುತ್ತದೆ. ಆವೇಶಕ್ಕೆ ಲಗಾಮು ಹಾಕುವ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದೇ 25ರ ಆಸುಪಾಸಿನಲ್ಲಿ. ಏಳರ ಮಗುವಿಗೆ ಆಗ ನೀತಿ ಹೇಳುವುದು ಮಳೆಯಲ್ಲಿ ದೀಪ ಹಚ್ಚಿದಂತೆ. ನಿಮ್ಮ ದನಿ ತಗ್ಗಲಿ, ಮಾತು ಕಡಿಮೆಯಾಗಲಿ, ಮಗುವಿನ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. ‘ತುಂಬಾ ಸಿಟ್ಟು ಬಂದಿದೆ. ಬೇಜಾರೂ ಆಗಿದೆ ಅಲ್ಲವಾ?’ ಎಂದು ಭಾವನೆಗೆ ಹೆಸರು ಕೊಡಿ. ಹೆಸರು ಸಿಕ್ಕ ಭಾವನೆಯ ಕಾವು ತುಸು ಇಳಿಯುತ್ತದೆ. ಗೆರೆಯನ್ನೂ ಎಳೆಯಿರಿ: ‘ಸಿಟ್ಟು ಮಾಡಿಕೊಳ್ಳಬಹುದು, ತಮ್ಮನನ್ನು ಹೊಡೆಯಲು ಬಿಡುವುದಿಲ್ಲ.’ ಕೈ ಎತ್ತಿದರೆ ಮೆಲ್ಲಗೆ ಹಿಡಿದು ತಡೆಯಿರಿ, ನೀವು ಕೈ ಎತ್ತಬೇಡಿ.

ಉಸಿರನ್ನು ಒಳಗೆಳೆದುಕೊಳ್ಳುವುದಕ್ಕಿಂತ ಹೊರಬಿಡುವುದು ಉದ್ದವಾದರೆ ಹೃದಯ ಬಡಿತ ನಿಧಾನವಾಗುತ್ತದೆ. ಮಕ್ಕಳಿಗೆ ಇದನ್ನು ಆಟದಂತೆ ಕಲಿಸಬಹುದು. ಐದು ಬೆರಳುಗಳನ್ನು ಮೇಣದ ಬತ್ತಿಗಳಂತೆ ನಿಲ್ಲಿಸಿ, ಒಂದೊಂದನ್ನೇ ನಿಧಾನವಾಗಿ ಊದಿ ಆರಿಸಲಿ, ಆರಿದ ಬೆರಳು ಮಡಚಲಿ. ಇದನ್ನು ಕಲಿಸಬೇಕಾದದ್ದು ಮಗು ನಗುತ್ತಿರುವಾಗ. ರಂಪದ ನಡುವೆ ಹೊಸ ಪಾಠ ಹತ್ತುವುದಿಲ್ಲ.

‘ದಿಂಬಿಗೆ ಗುದ್ದಿ ಸಿಟ್ಟು ತೀರಿಸಿಕೊ’ ಎಂಬ ಸಲಹೆ ಬಹಳ ಜನಪ್ರಿಯ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವರನ್ನು ನೆನೆಯುತ್ತಾ ಗುದ್ದುಚೀಲಕ್ಕೆ ಹೊಡೆದ ಕಾಲೇಜು ವಿದ್ಯಾರ್ಥಿಗಳ ಕೋಪ, ಸುಮ್ಮನೆ ಕುಳಿತವರ ಕೋಪಕ್ಕಿಂತ ಹೆಚ್ಚೇ ಆಗಿತ್ತು. ಗುದ್ದಿದಷ್ಟೂ ಗುದ್ದುವುದು ರೂಢಿಯಾಗುತ್ತದೆ, ಅಷ್ಟೇ.

ತಣ್ಣಗಾದ ಮೇಲೆ

ಗೋಡೆಯ ಮೇಲಿನ ಶೂ ಗುರುತನ್ನು ಇಬ್ಬರೂ ಸೇರಿ ಒರೆಸಿ. ಮಗುವಿಗೆ ಅದು ಶಿಕ್ಷೆ ಅನ್ನಿಸಬಾರದು, ಕೆಟ್ಟದ್ದನ್ನು ಸರಿ ಮಾಡುವ ಕೆಲಸ ಅನ್ನಿಸಬೇಕು. ಎದುರು ಕೂರಿಸಿಕೊಂಡು ‘ಹೇಳು, ಏಕೆ ಹಾಗೆ ಮಾಡಿದೆ?’ ಎಂದರೆ ಯಾವ ಮಗುವೂ ಬಾಯಿ ಬಿಡುವುದಿಲ್ಲ. ಪಕ್ಕಪಕ್ಕದಲ್ಲಿ ನಡೆಯುವಾಗ, ಬಟ್ಟೆ ಮಡಚುವಾಗ, ಕಣ್ಣಿಗೆ ಕಣ್ಣು ಸೇರದಿರುವಾಗ ಮಾತು ತಾನಾಗಿ ಬರುತ್ತದೆ. ಆ ಹುಡುಗಿ ಒದ್ದೆ ಬಟ್ಟೆಯಲ್ಲಿ ಗೋಡೆ ಉಜ್ಜುತ್ತಾ ಕೇಳಬಹುದಾದದ್ದು ಇಷ್ಟೇ: ‘ನನ್ನ ಸೈಕಲ್ ಯಾವ ಮನೆಯಲ್ಲಿ ಇರುತ್ತದೆ?’ ನಗಬೇಡಿ, ಉತ್ತರ ಕೊಡಿ.

ದೊಡ್ಡವರ ಪಾಲಿನ ಕೆಲಸ

ಬೇರೆಯಾಗುವುದಕ್ಕಿಂತ ಕೊನೆಯಿಲ್ಲದ ಕಿತ್ತಾಟ ಮಕ್ಕಳನ್ನು ಹೆಚ್ಚು ಹಣ್ಣು ಮಾಡುತ್ತದೆ. ‘ಶುಲ್ಕ ಕಟ್ಟಿದರಾ ಅಂತ ನಿಮ್ಮಪ್ಪನನ್ನು ಕೇಳು’ ಎಂದು ಮಗುವನ್ನು ಅಂಚೆಯವನನ್ನಾಗಿ ಮಾಡಬೇಡಿ, ಆ ಸಂದೇಶ ನೀವೇ ಕಳಿಸಿ. ಮಗುವಿನ ಮುಂದೆ ಮಾತಿಗೆ ಮಾತು ಬೆಳೆದಿದ್ದರೆ, ರಾಜಿಯೂ ಅದರ ಮುಂದೆಯೇ ಆಗಲಿ. ಕೋಣೆಯೊಳಗೆ ಆದ ರಾಜಿ ಹೊರಗೆ ನಿಂತವರಿಗೆ ಕಾಣುವುದಿಲ್ಲ.

ತಂದೆ ತಾಯಿ ಬೇರೆಯಾದರೂ ಇಬ್ಬರೊಡನೆಯೂ ನಿಯಮಿತ ಸಂಪರ್ಕ ಇಟ್ಟುಕೊಳ್ಳುವ ಹಕ್ಕು ಮಗುವಿಗಿದೆ ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿ ಹೇಳುತ್ತದೆ. ಮಗುವಿನ ಹಿತಕ್ಕೆ ಧಕ್ಕೆ ಬರುವ ಸಂದರ್ಭ ಇದಕ್ಕೆ ಹೊರತು. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಮೊದಲ ಹೆಜ್ಜೆ ಸುರಕ್ಷಿತ ಜಾಗ ಸೇರುವುದು, ಉಳಿದ ಸಲಹೆಗಳೆಲ್ಲ ಆಮೇಲೆ.

ಸದ್ದಿಲ್ಲದ ಮಗುವಿನ ಕಡೆಗೂ ನೋಡಿ

ಕೂಗಾಡುವ ಮಗು ಎಲ್ಲರ ಗಮನ ಸೆಳೆಯುತ್ತದೆ. ಇದ್ದಕ್ಕಿದ್ದಂತೆ ಅತಿ ಒಳ್ಳೆಯದಾದ, ತಮ್ಮ ತಂಗಿಯರನ್ನೆಲ್ಲ ತಾನೇ ನೋಡಿಕೊಳ್ಳುವ, ಅಮ್ಮನ ಕಣ್ಣೊರೆಸುವ ಮಗುವಿನ ಬಗ್ಗೆ ನನಗೆ ಹೆಚ್ಚು ಆತಂಕ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಶಾಲೆಯ ದಿನ ಮಾತ್ರ ಹೊಟ್ಟೆನೋವು ಬರುವುದು ಒತ್ತಡದ ಭಾಷೆಯೇ. ಆ ನೋವು ನಾಟಕವಲ್ಲ, ನಿಜವಾಗಿಯೂ ನೋಯುತ್ತದೆ. ಮನೆಯ ಪರಿಸ್ಥಿತಿಯನ್ನು ತರಗತಿಯ ಶಿಕ್ಷಕರಿಗೆ ಎರಡು ಮಾತಿನಲ್ಲಿ ತಿಳಿಸಿಟ್ಟರೆ ಅಲ್ಲಿ ವೃಥಾ ಬೈಗುಳ ತಪ್ಪುತ್ತದೆ.

ಕೆಲವು ವಾರ ಕಳೆದರೂ ನಿದ್ದೆ, ಊಟ, ಓದು, ಗೆಳೆತನ ಹಳಿಗೆ ಬರದಿದ್ದರೆ, ಸಿಟ್ಟಿನಲ್ಲಿ ತನಗೋ ಇತರರಿಗೋ ಗಾಯ ಮಾಡುತ್ತಿದ್ದರೆ ಮಕ್ಕಳ ವೈದ್ಯರನ್ನೋ ಮನೋವೈದ್ಯರನ್ನೋ ಕಾಣಿ. ‘ನಾನು ಇರಲೇಬಾರದಿತ್ತು’ ಎಂಬಂಥ ಮಾತು ಬಂದರೆ ಅಂದೇ ಹೋಗಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಮಗುವನ್ನು ನೇರವಾಗಿ ಕೇಳಬಹುದು. ಕೇಳಿದ್ದರಿಂದ ಆ ಯೋಚನೆ ಹುಟ್ಟಿಕೊಳ್ಳುವುದಿಲ್ಲ.